ಒಂಟಿ ಬೂಟಿನ ಸಪ್ಪಳ

ಸಬ್ ಇನ್ಸ್‌ಪೆಕ್ಟರ್ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಅದರ ಧೂಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿದಳು. ದಾಖಲೆ ಕೋಣೆಯಲ್ಲಿ ಎರಡು ದಿನ ಕೂತು ಹುಡುಕಿದ್ದಳು. ಮೂಗಿನ ತುದಿಯಲ್ಲಿ ಇನ್ನೂ ಮಸಿ ಇತ್ತು.

"ಸಿಕ್ತು ಸರ್," ಎಂದಳು. "ಮೂವತ್ತೊಂದು ವರ್ಷದ ಹಿಂದಿನ ಬೀಟ್ ಪುಸ್ತಕ. ಅಕ್ಷರ ನೋಡಿ."

ನೋಡುವ ಅಗತ್ಯವಿರಲಿಲ್ಲ. ರಟ್ಟಿನ ಮೂಲೆಯಲ್ಲಿದ್ದ, ಚಹಾದ ಲೋಟ ಇಟ್ಟ ದುಂಡನೆಯ ಕಲೆ ನನ್ನದೇ.

"ನಿಮ್ಮದೇ ಅಕ್ಷರ. ನಮ್ಮ ಅದೃಷ್ಟ ಚೆನ್ನಾಗಿದೆ ಸರ್."

ಹದಿನಾಲ್ಕನೆಯ ತಾರೀಖಿನ ಪುಟ ತೆಗೆದು ಅವಳು ನಿಂತೇ ಓದಿದಳು. "ಸಂಜೆ ಆರರಿಂದ ಎಂಟರವರೆಗೆ ಸ್ಮಶಾನದ ಒಳಗೇ ಇದ್ದೆನು. ಗೇಟಿಗೆ ಬೀಗ ಹಾಕಿತ್ತು. ಮಾಲಿಯ ಹೊರತು ಯಾರೂ ಕಾಣಲಿಲ್ಲ. ಏಳು ಗಂಟೆ ಹತ್ತು ನಿಮಿಷಕ್ಕೆ ಏಳನೆಯ ಸಾಲಿನ ಕಡೆಯಿಂದ ಒಂಟಿ ಬೂಟಿನ ಸಪ್ಪಳ ಕೇಳಿಸಿತು. ಹೋಗಿ ನೋಡಲಾಗಿ ಯಾರೂ ಇರಲಿಲ್ಲ."

ಬೂಟಿನ ಮಾತು ಬಂದಾಗ ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು. ದೆವ್ವದ ವಿಷಯ ಬಿಟ್ಟುಬಿಡಿ, ಆ ವಯಸ್ಸಿನಲ್ಲಿ ಯಾರಿಗಾದರೂ ಭಯವಾಗುತ್ತದೆ, ನಮಗೆ ಬೇಕಾದದ್ದು ಮೂರನೆಯ ವಾಕ್ಯ ಎಂದಳು. ನನಗೆ ನಾಚಿಕೆಯಾಗದಿರಲೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಯೇ ಹೇಳಿದಳು. ಒಳ್ಳೆಯ ಹೆಣ್ಣುಮಗಳು.

ಹತ್ತು ದಿನದ ಹಿಂದೆ ಆ ಹಳೆಯ ಸೈನಿಕ ಸ್ಮಶಾನದಲ್ಲಿ ವಾಲಿದ ಕಲ್ಲೊಂದನ್ನು ನೆಟ್ಟಗೆ ನಿಲ್ಲಿಸಲು ಕೂಲಿಯವರು ಅಗೆದಾಗ ಸಿಕ್ಕಿದ ಎಲುಬು ಯಾವ ಸಿಪಾಯಿಯದೂ ಆಗಿರಲಿಲ್ಲ. ಅಲ್ಲಿರುವ ಮುನ್ನೂರ ಹನ್ನೆರಡು ಮಂದಿಯೂ ಪೂರ್ವಕ್ಕೆ ಕಾಲು ಚಾಚಿ, ಆಳದಲ್ಲಿ ಮಲಗಿದ್ದಾರೆ. ಇದು ಎರಡೂವರೆ ಅಡಿಯಲ್ಲಿ, ಸಾಲಿಗೆ ಅಡ್ಡಲಾಗಿ ಇತ್ತು. ಹೆಂಗಸಿನದು. ಪಕ್ಕದಲ್ಲಿ ಒಂದು ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಹದಿನೇಳು ಎಂಬ ಅಂಕಿ.

ಆ ಬಿಲ್ಲೆ ಏನೆಂದು ತಿಳಿಯದೆ ಸ್ಟೇಷನ್ನಿನವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಹೇಳಿದವನು ನಾನೇ. ಅಂಥದೇ ಒಂದು ಬಿಲ್ಲೆಗೆ ನನ್ನ ಮನೆಯ ಬೀಗದ ಕೈ ತೂಗಾಡುತ್ತದೆ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ಕೊಡುತ್ತಿದ್ದ ಬಿಲ್ಲೆ ಅದು. ಮದುವೆಗೆ ಮೊದಲು ನನ್ನ ಹೆಂಡತಿಯೂ ಒಂದೂವರೆ ವರ್ಷ ಅಲ್ಲಿ ಕೂತಿದ್ದಳು. ಹದಿನೇಳನೆಯ ನಂಬರಿನವಳು ಆ ಹದಿನಾಲ್ಕರ ಸಂಜೆ ಐದೂವರೆಗೆ ಪಾಳಿ ಮುಗಿಸಿ ಹೊರಟವಳು ಮತ್ತೆ ಬರಲಿಲ್ಲ. ನಾಲ್ಕು ದಿನದ ಮೇಲೆ ಅಂಚೆಯಲ್ಲಿ ರಾಜೀನಾಮೆ ಬಂತು. ಯಾರ ಜೊತೆಗೋ ಹೋದಳು ಎಂದು ಊರು ಆಡಿಕೊಂಡಿತು, ಮರೆಯಿತು.

ಹಳ್ಳದಲ್ಲಿ ಮುರಿದ ಸನಿಕೆಯ ತುದಿಯೂ ಸಿಕ್ಕಿತ್ತು. ಅದು ಮಾಲಿಯ ಸನಿಕೆ. ಸಂಜೆ ಆರಕ್ಕೆ ಗೇಟು ಮುಚ್ಚಿದ ಮೇಲೆ ಒಳಗೆ ಮನೆಯಿದ್ದದ್ದು ಅವನಿಗೊಬ್ಬನಿಗೆ. ಅವನ ವಿರುದ್ಧ ಈಗ ಇದೊಂದು ವಾಕ್ಯ.

"ನಿಮ್ಮ ಹೇಳಿಕೆ ಟೈಪ್ ಮಾಡಿಸಿದ್ದೀನಿ ಸರ್. ಐದು ಗಂಟೆಯೊಳಗೆ ಸಹಿ ಆದ್ರೆ ಇವತ್ತೇ ಮಾಲಿಯನ್ನ ಒಳಗೆ ಹಾಕ್ತೀನಿ."

ಪುಸ್ತಕವೊಂದೇ ಸಾಲದೇ ಎಂದು ಕೇಳಿದೆ. ಬರೆದವರು ಬದುಕಿರುವಾಗ ಅವರ ಬಾಯಿಂದಲೇ ಬರಬೇಕಲ್ಲ, ಅದನ್ನು ನನಗೆ ಕಲಿಸಿದವರು ನೀವೇ ಎಂದಳು. ಆಮೇಲೆ ನೆನಪಾದಂತೆ, ಪ್ರತಿ ಪುಟದ ಕೆಳಗೂ ಆಗಿನ ಸ್ಟೇಷನ್ ರೈಟರ್ ಸಹಿ ಇದೆ, ಅವರು ನಿಮ್ಮ ಮಾವನವರೇ ಅಂತೆ, ಎರಡನೆಯ ಸಾಕ್ಷಿಯಾಗಿ ಅವರಿಗೂ ಹೇಳಿಕಳಿಸಿದ್ದೇನೆ ಎಂದಳು.

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆ ಜಾಗವನ್ನು ಇನ್ನೊಮ್ಮೆ ನೋಡಿಬರುತ್ತೇನೆಂದು ಎದ್ದೆ. ಬಿಸಿಲು ಏರಿದ್ದರಿಂದ ಕೋಟನ್ನು ಕಳಚಿ ಬಾಗಿಲ ಹಿಂದಿನ ಕೊಕ್ಕೆಗೆ ಹಾಕಿ ಹೊರಟೆ.

ಸರಿಯಾಗಿ ಹೇಳಿಬಿಡುತ್ತೇನೆ. ಆ ಸಂಜೆ ಆರರಿಂದ ಎಂಟರವರೆಗೆ ನಾನು ಸ್ಮಶಾನದ ಒಳಗಿರಲಿಲ್ಲ. ಆ ಸಂಜೆ ಎಂದರೂ ಸುಳ್ಳಾಗುತ್ತದೆ. ಅಲ್ಲಿ ಕಾವಲಿಗಿದ್ದ ಮೂರು ತಿಂಗಳಲ್ಲಿ ಭಾನುವಾರ ಬಿಟ್ಟರೆ ಯಾವ ಸಂಜೆಯೂ ಇರಲಿಲ್ಲ.

ಆಗ ನನಗೆ ಇಪ್ಪತ್ತಾರು. ಗೋರಿಕಲ್ಲುಗಳಿಗೆ ಬಡಿದ ಹಿತ್ತಾಳೆಯ ಫಲಕಗಳನ್ನು ಯಾರೋ ಕಿತ್ತೊಯ್ಯುತ್ತಿದ್ದಾರೆಂದು ಸಂಜೆ ನಾಲ್ಕರಿಂದ ಹತ್ತರವರೆಗೆ ಒಬ್ಬ ಪೇದೆಯ ಕಾವಲು ಹಾಕಿದರು. ಆ ಪೇದೆ ನಾನು. ಎರಡು ಬೀದಿ ಆಚೆ ಒಂದು ಸಂಜೆ ಶಾಲೆಯಿತ್ತು. ಆರೂಕಾಲಿಗೆ ಶುರು, ಏಳೂಮುಕ್ಕಾಲಿಗೆ ಮುಕ್ತಾಯ. ಅಲ್ಲಿ ಓದಿ ಪರೀಕ್ಷೆ ಪಾಸಾದರೆ ಮುಂದೆ ಸಬ್ ಇನ್ಸ್‌ಪೆಕ್ಟರ್ ಆಗಬಹುದಿತ್ತು. ಇಲ್ಲವಾದರೆ ಪೇದೆಯಾಗಿ ಸೇರಿ ಪೇದೆಯಾಗಿಯೇ ಮನೆಗೆ ಹೋಗುವುದು.

ನನ್ನ ಊಟದ ಡಬ್ಬಿಯ ಕೆಳಗೆ ಬೀಜಗಣಿತದ ಪುಸ್ತಕ ಕಂಡುಹಿಡಿದದ್ದು ಸ್ಟೇಷನ್ನಿನ ದಾಖಲೆಗಳನ್ನು ಬರೆದಿಡುತ್ತಿದ್ದ ರೈಟರು. ಬೈಯುತ್ತಾರೆಂದುಕೊಂಡರೆ ಬೈಯಲಿಲ್ಲ. ಹೋಗಿ ಓದು ಎಂದರು. ಗೇಟಿಗೆ ಹೊಂದಿಕೊಂಡ ಕಾವಲು ಚೌಕಿಯಲ್ಲಿ ದೀಪ ಹಚ್ಚಿಟ್ಟು ಕೋಟನ್ನು ಮೊಳೆಗೆ ನೇತುಹಾಕಿ ಹೋಗು, ದೂರದಿಂದ ನೋಡುವವರಿಗೆ ಆಳಿದ್ದಂತೆ ಕಾಣುತ್ತದೆ ಎಂಬ ಉಪಾಯವೂ ಅವರದೇ. ಅವರ ಮಗಳನ್ನು ಮದುವೆಯಾಗುವ ಯೋಗ್ಯತೆ ನನಗೆ ಬರಲೆಂದೇ ಹಾಗೆ ಮಾಡಿದರು ಎಂದು ಎಷ್ಟೋ ವರ್ಷ ನಾನು ಕೃತಜ್ಞನಾಗಿದ್ದೆ.

ಆದರೆ ಪುಸ್ತಕದಲ್ಲಿ ಆ ಎರಡು ಗಂಟೆ ಖಾಲಿ ಬಿಡುವಂತಿರಲಿಲ್ಲ. ಏನಾದರೂ ಬರೆಯಬೇಕಿತ್ತು, ಯಾರೂ ಪರೀಕ್ಷಿಸಲಾಗದಂಥದು. ಮೊದಲ ದಿನ ಬೂಟಿನ ಸಪ್ಪಳ ಎಂದು ಬರೆದೆ. ಬರೆದ ಮೇಲೆ ಯೋಚನೆ ಹತ್ತಿತು. ಎರಡು ಬೂಟು ಎಂದರೆ ಮನುಷ್ಯ. ಮನುಷ್ಯನಾದರೆ ಯಾಕೆ ಹಿಡಿಯಲಿಲ್ಲ ಎಂದು ಕೇಳುತ್ತಾರೆ. ಅದಕ್ಕೇ ಆ ಮಾತಿನ ಹಿಂದೆ ಸಣ್ಣದಾಗಿ "ಒಂಟಿ" ಎಂದು ಸೇರಿಸಿದೆ.

ಹುಟ್ಟಿದ್ದು ಹಾಗೆ ಅವನು, ಒಂಟಿ ಬೂಟಿನವನು.

ಎಂಟು ದಿನ ಕಳೆಯುವಷ್ಟರಲ್ಲಿ ಚಹಾದ ಅಂಗಡಿಯಲ್ಲಿ ಒಬ್ಬ ತಾನೇ ಕಿವಿಯಾರೆ ಕೇಳಿದೆನೆಂದು ನನಗೇ ಹೇಳಿದ. ತಿಂಗಳು ಕಳೆಯುವಷ್ಟರಲ್ಲಿ ಆ ಬೂಟಿನವನಿಗೆ ಒಂದು ಕಾಲು ಇಲ್ಲವೆಂದೂ, ಕಳೆದುಹೋದ ಬೂಟನ್ನು ಗೋರಿಯಿಂದ ಗೋರಿಗೆ ಹುಡುಕುತ್ತಾನೆಂದೂ, ಬೂಟು ಹಾಕಿದವರು ಎದುರಾದರೆ ಕಾಲನ್ನು ದಿಟ್ಟಿಸುತ್ತಾನೆಂದೂ ತೀರ್ಮಾನವಾಯಿತು. ಬಸ್ಸಿನವರು ಆರು ಗಂಟೆಯ ಮೇಲೆ ಸ್ಮಶಾನದ ನಿಲ್ದಾಣದಲ್ಲಿ ನಿಲ್ಲಿಸುವುದನ್ನು ಬಿಟ್ಟರು. ಗೋಡೆಗೆ ಸುಣ್ಣ ಹೊಡೆಯುತ್ತಿದ್ದವನೊಬ್ಬ ಏಣಿಯಿಂದ ಬಿದ್ದು ಕೈ ಮುರಿದುಕೊಂಡು, ತಳ್ಳಿದ್ದು ಅವನೇ ಎಂದ. ಪತ್ರಿಕೆಯಲ್ಲಿ ಬಂತು. "ಕರ್ತವ್ಯನಿಷ್ಠ ಪೇದೆಯ ಅನುಭವ" ಎಂದು ತಲೆಬರಹ.

ನನ್ನ ಮಗಳು ಆರು ವರ್ಷದವಳಿದ್ದಾಗ ಅವನಿಗೆ ಹೆದರಿ ಮಲಗುತ್ತಿರಲಿಲ್ಲ. ನಾನು ದಿನಾ ಟಾರ್ಚು ಹಿಡಿದು ಮಂಚದ ಕೆಳಗೆ ನೋಡಿ ಅವನು ಇಲ್ಲವೆಂದು ಹೇಳುತ್ತಿದ್ದೆ. ಅವನು ಇಲ್ಲವೆಂದು ಅಷ್ಟು ಖಚಿತವಾಗಿ ಹೇಳಬಲ್ಲವನು ಊರಿನಲ್ಲಿ ನಾನೊಬ್ಬನೇ. ಆದರೂ ಪೂರ್ತಿ ಖಚಿತ ಎಂದರೆ ಅದೂ ತಪ್ಪು. ಒಂದು ಸಂಜೆಯದು ನನಗೆ ಇಂದಿಗೂ ಅರ್ಥವಾಗಿಲ್ಲ.

ತರಗತಿ ಮುಗಿಸಿ ಎಂಟಕ್ಕೆ ಚೌಕಿಗೆ ಬಂದೆ. ಕೋಟು ಮೊಳೆಯಲ್ಲೇ ಇತ್ತು. ಆದರೆ ನಾನು ಅದನ್ನು ಯಾವಾಗಲೂ ತೋಳು ಕಳಚಿ ಹಾಗೇ ಎಸೆದು ಹೋಗುವವನು, ಎದೆ ತೆರೆದು ತೂಗುತ್ತಿರುತ್ತದೆ. ಅವತ್ತು ಐದಕ್ಕೆ ಐದೂ ಹಿತ್ತಾಳೆ ಗುಂಡಿ ಹಾಕಿತ್ತು, ಕತ್ತಿನವರೆಗೆ. ಒಳಗೆ ಯಾರೋ ನಿಂತಂತಿತ್ತು.

ನನ್ನ ಸುಳ್ಳು ಎದ್ದು ಬಂದು ನನ್ನ ಕೋಟು ತೊಟ್ಟು ನೋಡಿದೆ ಎಂದೇ ಆಗ ನಂಬಿದೆ. ಸ್ಟೇಷನ್ನಿಗೆ ಹೋಗಿ ರೈಟರಿಗೆ ಹೇಳಿದೆ, ಪುಸ್ತಕದಲ್ಲಿ ಬರೆಯಲೇ ಎಂದೂ ಕೇಳಿದೆ. ಅವರು ನಕ್ಕರು. ಗುಂಡಿ ಹಾಕುವ ದೆವ್ವವನ್ನು ಯಾರು ನಂಬುತ್ತಾರೆ, ಬೂಟು ಸಾಕು ಎಂದರು. ವಾಕ್ಯಗಳನ್ನು ಅವರೇ ಹೇಳಿ ಬರೆಸಿದರು. ನನ್ನ ಸ್ಥಿತಿ ನೋಡಿ ಪಾಪ ಎನ್ನಿಸಿರಬೇಕು ಎಂದುಕೊಂಡೆ.

ಸ್ಮಶಾನದ ಗೇಟಿನಾಚೆ ಮೈಲಿಗಲ್ಲಿನ ಮೇಲೆ ನಮ್ಮ ಪೇದೆಯೊಬ್ಬ ಕೂತಿದ್ದ. ನಲವತ್ತೈದು ದಾಟಿದ, ಎರಡು ಮಕ್ಕಳ ತಂದೆ. ಮಾಲಿ ತಪ್ಪಿಸಿಕೊಳ್ಳದಂತೆ ಒಳಗಿದ್ದು ಕಾಯಬೇಕಾದವನು. ಒಳಗೆ ಯಾಕಿಲ್ಲ ಎಂದು ಕೇಳಿದೆ.

"ಇಲ್ಲಿಂದಲೂ ಕಾಣ್ತದೆ ಸರ್," ಎಂದ. ತನ್ನ ಬೂಟುಗಳನ್ನು ಒಮ್ಮೆ ನೋಡಿಕೊಂಡು, "ಹೊಸಾವು," ಎಂದ.

ನಾನು ಬೈಯಲಿಲ್ಲ. ಯಾವ ಬಾಯಿಂದ ಬೈಯಲಿ?

ಮಾಲಿಯನ್ನು ಊರು ದಾರದಜ್ಜ ಎನ್ನುತ್ತದೆ. ಜೇಬಿನಲ್ಲಿ ಯಾವಾಗಲೂ ಒಂದು ದಾರದುಂಡೆ. ಬೆಳಿಗ್ಗೆ ಸಾಲಿನ ಈ ತುದಿಗೊಂದು ಗೂಟ, ಆ ತುದಿಗೊಂದು ಗೂಟ ಹೊಡೆದು ದಾರ ಎಳೆದು ಕಲ್ಲುಗಳು ನೆಟ್ಟಗಿವೆಯೇ ಎಂದು ನೋಡುವುದು ಅವನ ಮೊದಲ ಕೆಲಸ. ಬೆರಳಗಲ ವಾಲಿದ್ದರೂ ಅವನಿಗೆ ಊಟ ಸೇರುವುದಿಲ್ಲ. ಸತ್ತವರನ್ನು ಇನ್ನೂ ಕವಾಯತಿಗೆ ನಿಲ್ಲಿಸುತ್ತಾನೆ ಎಂದು ಕೂಲಿಯವರು ನಗುವುದುಂಟು. ಬಂಧನಕ್ಕೆ ಎರಡು ಗಂಟೆ ಇರುವ ಈ ಹೊತ್ತೂ ಅವನು ಏಳನೆಯ ಸಾಲಿನಲ್ಲಿ ಮಂಡಿಯೂರಿ ದಾರ ಎಳೆಯುತ್ತಿದ್ದ. ಅಗೆದ ಹಳ್ಳದ ಮೇಲೆ ಮಾತ್ರ ದಾರ ಸ್ವಲ್ಪ ಜೋಲುತ್ತಿತ್ತು.

ನನ್ನನ್ನು ಕಂಡು ಏಳಲಿಲ್ಲ. "ಬನ್ನಿ ಸಾಹೇಬ್ರೆ. ಕಾಯ್ತಾ ಇದ್ದೆ."

ನಾನು ಎದುರಿನ ಕಲ್ಲಿನ ಅಂಚಿನಲ್ಲಿ ಕೂತೆ. ದಾರಿಯುದ್ದಕ್ಕೂ ಬೇರೆಯೇ ಮಾತು ಜೋಡಿಸಿಕೊಂಡು ಬಂದಿದ್ದೆ. ನೀನು ಆ ಸಂಜೆ ಎಲ್ಲಿದ್ದೆ ಎಂದು, ಎಲ್ಲರನ್ನೂ ಕೇಳುವ ಹಾಗೆ, ಅವನನ್ನೂ ಕೇಳಿದೆ. ಎಷ್ಟು ವರ್ಷದ ಅಭ್ಯಾಸ.

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡ. "ಅದನ್ನ ನೀವು ಬರೆದಿಟ್ಟಿದ್ದೀರಲ್ಲ. ನಿಮ್ಮ ಸ್ಟೇಷನ್ನಿನ ಆ ಅಮ್ಮ ಬೆಳಿಗ್ಗೆನೇ ಬಂದು ಓದಿ ಹೇಳಿದ್ರು. ಮಾಲಿ ಬಿಟ್ರೆ ಯಾರೂ ಇರ್ಲಿಲ್ಲ ಅಂತ."

"ನೀನೇನು ಹೇಳ್ತೀಯ ಅಜ್ಜ?"

"ನಾನು ಹೇಳೋದು ಎಲ್ಲಿ ಬರೀತಾರೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಚುಚ್ಚಿತು. "ಒಂದು ಮಾತು ಕೇಳ್ಲಾ? ಅವತ್ತೇ ನನ್ನ ಹೆಸರು ಬರೆದಿಟ್ರಲ್ಲ, ಮುಂದೆ ಬೇಕಾಗ್ತದೆ ಅಂತ್ಲಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಮುಂದೆ ಯಾಕೆ ಬೇಕಾಗುತ್ತದೆ ಎಂದು ಕೇಳಿದೆ.

ಅವನು ಸುತ್ತ ನೋಡಿದ. ಗೇಟಿನಾಚೆಯ ಪೇದೆ ತನ್ನ ಬೂಟು ಒರೆಸುತ್ತ ಕೂತಿದ್ದ. ಅಜ್ಜ ಮಾತನ್ನು ಇನ್ನೂ ತಗ್ಗಿಸಿದ. "ನಾನು ಯಾರಿಗೂ ಹೇಳಿಲ್ಲ ಸಾಹೇಬ್ರೆ. ನನ್ನ ಹೆಂಡತಿಗೂ ಹೇಳಿರ್ಲಿಲ್ಲ, ಅವಳು ಸಾಯೋ ತನಕ. ನೀವು ದಿನಾ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಹಿಂದಿನ ಗೋಡೆ ಹಾರಿ ಹೋಗ್ತಿದ್ದದ್ದು ನಂಗೆ ಗೊತ್ತಿತ್ತು. ಓದೋ ಹುಡುಗ, ಹೋಗಲಿ ಅಂತ ಸುಮ್ಮನಿದ್ದೆ. ಬೂಟಿನ ಕತೆ ನಿಮ್ಮದೇ ಅಂತಾನೂ ಗೊತ್ತಿತ್ತು. ಇಲ್ಲೇ ಮಲಗೋನು ನಾನು, ನನಗೆ ಕೇಳದ ಸಪ್ಪಳ ನಿಮಗೆ ಹೇಗೆ ಕೇಳ್ತದೆ?"

ಮೂವತ್ತೊಂದು ವರ್ಷ. ಈ ಮನುಷ್ಯ ಪ್ರತಿ ವರ್ಷ ಸ್ಟೇಷನ್ನಿಗೆ ಬಂದು, ಸ್ಮಶಾನದ ಗೋಡೆಗೆ ಬರೆದವರ ಮೇಲೋ ಹೂವು ಕಿತ್ತವರ ಮೇಲೋ ದೂರು ಕೊಟ್ಟು ನನಗೆ ಕೈಮುಗಿದು ಹೋಗುತ್ತಿದ್ದ. ಪ್ರತಿ ಸಲವೂ ಅವನಿಗೆ ಗೊತ್ತಿತ್ತು.

"ಆದ್ರೆ ಆ ಸಂಜೆ ನೀವು ಹೋಗ್ಲಿಲ್ಲ," ಎಂದ.

"ಹೋಗಿದ್ದೆ."

"ಇಲ್ಲ. ನಾನು ಕಿಟಕಿಯಿಂದ ನೋಡ್ದೆ. ಮಬ್ಬುಗತ್ತಲೆ. ಇಲ್ಲೇ, ಈ ಸಾಲಿನ ಕೊನೆಗೆ ನೀವು ಅಗೀತಾ ಇದ್ರಿ. ಖಾಕಿ ಕೋಟು, ಟೋಪಿ. ಬೆನ್ನು ಈ ಕಡೆ. ನನ್ನ ಸನಿಕೆ. ಏನೋ ನಾಯಿ ಗೀಯಿ ಸತ್ತಿದೆ ಅಂದ್ಕೊಂಡೆ. ಮಾರನೇ ದಿನ ಮಣ್ಣು ಉಬ್ಬಿತ್ತು, ಸಾಲು ಕೆಟ್ಟಿತ್ತು. ತುಳಿದು ಸಮ ಮಾಡಿ ಹುಲ್ಲು ಹಾಕ್ದೆ. ಆ ಹುಡುಗಿ ಕಾಣ್ತಿಲ್ಲ ಅನ್ನೋ ಮಾತು ಬಂದಾಗ..." ದಾರ ಬೆರಳನ್ನು ಬಿಗಿದು ತುದಿ ಬೆಳ್ಳಗಾಗಿತ್ತು. "ಆಗ ಅಗೆದು ನೋಡಬೇಕಿತ್ತು. ನೋಡ್ಲಿಲ್ಲ. ಓದೋ ಹುಡುಗ, ಕೈ ತಪ್ಪಿ ಏನೋ ಆಗಿದೆ, ಬದುಕಿಕೊಳ್ಳಲಿ ಅಂದ್ಕೊಂಡೆ. ಆಮೇಲೆ ನೀವು ಮೇಲೆ ಮೇಲೆ ಹೋದ್ರಿ. ನಾನು ಅದರ ಮೇಲೆ ಮೂವತ್ತು ವರ್ಷ ಹುಲ್ಲು ಕತ್ತರಿಸ್ದೆ."

ಅವನು ತಲೆ ತಗ್ಗಿಸಿದ. ನಾಚಿಕೊಳ್ಳುತ್ತಿದ್ದವನು ಅವನು. ನನ್ನ ಎದುರಿಗೆ.

ಆಗ ಹೇಳಿದೆ. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಆ ಸಂಜೆ ತರಗತಿಯಲ್ಲಿ ಪರೀಕ್ಷೆಯಿತ್ತು, ಮೂರನೆಯ ಬೆಂಚಿನಲ್ಲಿ ಕೂತು ಬರೆದೆ, ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇರಬೇಕು. ಕೋಟು ಚೌಕಿಯಲ್ಲಿತ್ತು. ಗೇಟಿನ ಬೀಗದ ಎರಡನೆಯ ಕೀಲಿಕೈ ಅದರ ಪಕ್ಕದ ಮೊಳೆಯಲ್ಲಿತ್ತು. ಕೋಟು ನನ್ನದು ಅಜ್ಜ, ಅದರೊಳಗಿದ್ದವನು ನಾನಲ್ಲ.

ಅವನು ನನ್ನ ಮುಖ ನೋಡಿದ. ಮೂವತ್ತೊಂದು ವರ್ಷ ಕೊಲೆಗಾರನೆಂದು ನಂಬಿ ಕಾಪಾಡಿದ ಮುಖ.

"ಹಾಗಾದ್ರೆ ನಾನು ಯಾರಿಗೋಸ್ಕರ ಸುಮ್ಮನಿದ್ದೆ?" ಎಂದ.

ಬೇರೇನಾದರೂ ನೆನಪಿದೆಯೇ, ನಡಿಗೆ, ಎತ್ತರ, ಏನಾದರೂ ಎಂದು ಕೇಳಿದೆ. ಕುಂಟುತ್ತಿದ್ದನೇ ಎಂದೂ ಕೇಳಿಬಿಟ್ಟೆ. ಅಜ್ಜ ನಕ್ಕುಬಿಟ್ಟ. ನಿಮ್ಮ ಒಂಟಿ ಬೂಟಿನವನನ್ನು ನೀವೇ ನಂಬಿದಿರಾ ಎಂದು ಛೇಡಿಸಿದ. ಎರಡು ಕಾಲೂ ಸರಿಯಾಗಿದ್ದವು, ಆತುರವೇ ಇರಲಿಲ್ಲ ಎಂದ. ಆಮೇಲೆ ನಗು ನಿಂತಿತು.

"ಒಂದಿದೆ. ಮುಗಿಸಿ ಚೌಕಿಗೆ ಹೋದ. ದೀಪದ ಮುಂದೆ ಬೆನ್ನು ಕಾಣ್ತಿತ್ತು. ಕೋಟು ಕಳಚಿ ಮೊಳೆಗೆ ಹಾಕ್ದ. ಹಾಕಿ, ಗುಂಡಿ ಹಾಕ್ದ. ಒಂದೊಂದೇ, ಮೇಲಿಂದ ಕೆಳಗೆ, ಮಗುವಿಗೆ ಅಂಗಿ ತೊಡಿಸೋ ಹಾಗೆ. ಒಂದು ಜೀವ ಹೂತು ಬಂದ ಕೈ ಅಷ್ಟು ಸಾವಧಾನವಾಗಿ ಇರ್ತದಾ ಅಂತ ಆಮೇಲೆ ಎಷ್ಟೋ ಸಲ ಯೋಚನೆ ಮಾಡಿದ್ದೀನಿ. ನೀವು ಕೋಟು ಎಸೆಯೋರು. ನನಗೆ ಆಗ್ಲೇ ಹೊಳೀಬೇಕಿತ್ತು."

ನಾನು ಕೂತ ಕಲ್ಲು ತಣ್ಣಗಿತ್ತು, ಅಥವಾ ನನಗೆ ಹಾಗೆನ್ನಿಸಿತು.

ನಮ್ಮ ಮನೆಯ ಒಳಕೋಣೆಯ ಗೋಡೆಯಲ್ಲಿ ನಾಲ್ಕು ಮೊಳೆಗಳಿವೆ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆಯೇ ಇದ್ದಾರೆ. ಎಂಬತ್ತೆರಡು. ವೃತ್ತಪತ್ರಿಕೆಯನ್ನು ಓದಿ ಹೊಸದರಂತೆ ಮಡಿಸಿಡುತ್ತಾರೆ, ಪೆನ್ಸಿಲ್ಲುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾರೆ, ತಮ್ಮ ನಾಲ್ಕು ಅಂಗಿಗಳನ್ನು ಆ ನಾಲ್ಕು ಮೊಳೆಗಳಿಗೆ ತೂಗುಹಾಕಿ ಕತ್ತಿನಿಂದ ಕೆಳಗಿನವರೆಗೆ ಎಲ್ಲ ಗುಂಡಿ ಹಾಕುತ್ತಾರೆ. ತಾತನ ಅಂಗಿಗಳು ಉಸಿರು ಬಿಗಿಹಿಡಿದು ನಿಂತಿವೆ ಎಂದು ಮಗಳು ಗೇಲಿ ಮಾಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

"ಗುಂಡಿ ಹಾಕುವ ದೆವ್ವವನ್ನು ಯಾರು ನಂಬುತ್ತಾರೆ." ಹದಿನಾಲ್ಕರ ಆ ರಾತ್ರಿ ಮಾವ ಹೇಳಿದ ಆ ವಾಕ್ಯವನ್ನು ನಾನು ಕರುಣೆ ಎಂದು ತಿಳಿದಿದ್ದೆ. ಮಾಲಿಯ ಹೊರತು ಯಾರೂ ಕಾಣಲಿಲ್ಲ ಎಂಬುದನ್ನೂ ಸೇರಿಸು, ಪುಟ ಪೂರ್ತಿಯಾಗುತ್ತದೆ ಎಂದದ್ದೂ ಅವರೇ.

ಎದ್ದು ನಿಂತೆ. ಇವತ್ತು ನಿನ್ನನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ ಎಂದು ಅಜ್ಜನಿಗೆ ಹೇಳಿದೆ. ಅವನು ಕೈಮುಗಿಯಲಿಲ್ಲ. ಆ ಮಟ್ಟಿಗೆ ನನಗೆ ಉಪಕಾರವಾಯಿತು.

"ಬರೀತೀರಾ?" ಎಂದಷ್ಟೇ ಕೇಳಿದ.

ಸ್ಟೇಷನ್ನಿಗೆ ಬಂದಾಗ ಐದಕ್ಕೆ ಹನ್ನೆರಡು ನಿಮಿಷ. ನಿವೃತ್ತಿಗೆ ನಾಲ್ಕು ತಿಂಗಳು ಎಂಬ ಯೋಚನೆ ಮೆಟ್ಟಿಲು ಹತ್ತುವಾಗ ಬಂತು. ಬರಬಾರದಿತ್ತು, ಆದರೆ ಬಂತು. ಸುಳ್ಳು ದಾಖಲೆ ಬರೆದ ಪೇದೆ, ಅದರ ಬಲದಿಂದ ಓದಿ ಇನ್ಸ್‌ಪೆಕ್ಟರಾದವನು. ಪತ್ರಿಕೆಯವರು ಈ ಸಲ ಯಾವ ತಲೆಬರಹ ಕೊಡುತ್ತಾರೋ.

ನನ್ನ ಕೋಣೆಯಲ್ಲಿ, ನನ್ನ ಮೇಜಿನ ಎದುರು ಕುರ್ಚಿಯಲ್ಲಿ ಮಾವ ಕೂತಿದ್ದರು. ನೆಟ್ಟನೆಯ ಬೆನ್ನು, ಮಡಿಲಲ್ಲಿ ಟೋಪಿ. ಸಬ್ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ನಿಂತು ಅವರ ಸಹಿಯ ಮೇಲೆ ಶಾಯಿ ಹೀರುವ ಕಾಗದ ಒತ್ತುತ್ತಿದ್ದಳು. ಎಂಥ ಸ್ಪಷ್ಟ ನೆನಪು ಸರ್, ಈ ವಯಸ್ಸಲ್ಲೂ ಪುಟದ ಒಂದೊಂದು ಸಾಲೂ ಹೇಳಿದರು ಎಂದು ಮೆಚ್ಚಿಕೊಂಡಳು. ನನ್ನದೊಂದು ಸಹಿ ಬಾಕಿ, ಅಷ್ಟರಲ್ಲಿ ಮೊಹರು ತರುತ್ತೇನೆಂದು ಹೊರಗೆ ಹೋದಳು.

ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅದರ ಹಿಂದಿನ ಕೊಕ್ಕೆಯಲ್ಲಿ ನನ್ನ ಕೋಟಿತ್ತು. ಐದೂ ಗುಂಡಿ ಹಾಕಿತ್ತು, ಕತ್ತಿನವರೆಗೆ.

ಮಾವ ನನ್ನ ಕಣ್ಣು ಹೋದ ಕಡೆ ನೋಡಿದರು. "ಇನ್ನೂ ಹಾಗೇ ಎಸೆದು ಹೋಗ್ತೀಯಲ್ಲಪ್ಪ," ಎಂದರು, ಎಂದಿನ ಪ್ರೀತಿಯಿಂದಲೇ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು.

ಪೆನ್ನು ತೆಗೆದುಕೊಂಡೆ. ಟೈಪ್ ಮಾಡಿದ ಹೇಳಿಕೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಕೆಳಗೆ ಬರೆದೆ. ಅಕ್ಷರ ಇನ್ನೂ ಅದೇ. "ಆ ದಿನ ಸಂಜೆ ಆರರಿಂದ ಎಂಟರವರೆಗೆ ನಾನು ಸ್ಮಶಾನದಲ್ಲಿರಲಿಲ್ಲ. ಬೀಟ್ ಪುಸ್ತಕದಲ್ಲಿ ನಾನು ಬರೆದದ್ದು ಸುಳ್ಳು." ಅದರ ಕೆಳಗೆ ಸಹಿ, ತಾರೀಖು, ವೇಳೆ.

ತಲೆಕೆಳಗಾದ ಬರಹವನ್ನು ಓದುವುದು ಹಳೆಯ ರೈಟರುಗಳಿಗೆ ನೀರು ಕುಡಿದಷ್ಟು ಸುಲಭ. ನಾನು ಬರೆಯುತ್ತಿದ್ದಂತೆ ಅವರು ಓದುತ್ತಿದ್ದರು. ಮುಖ ಬದಲಾಗಲಿಲ್ಲ. ಬೆರಳು ಮಾತ್ರ ಕತ್ತಿನ ಗುಂಡಿಯ ಮೇಲೆ ಹೋಗಿ ಅದು ಸರಿಯಿದೆಯೇ ಎಂದು ಮುಟ್ಟಿ ನೋಡಿತು.

"ಮುಂದಿನ ವಾಕ್ಯದಲ್ಲಿ ನನ್ನ ಹೆಸರು ಬರೀತೀಯ," ಎಂದರು.

"ಬರೀತೀನಿ ಮಾವ."

"ಬರಿ. ನನಗೆ ಎಂಬತ್ತೆರಡು, ನನಗೇನು." ಅವರು ಮೇಜಿನ ಮೇಲೆ ಬಾಗಿದರು. ಹತ್ತಿರದಿಂದ ನೋಡಿದಾಗ ಕಣ್ಣಂಚು ಒದ್ದೆಯಾಗಿತ್ತು. "ಬರೆಯೋಕೆ ಮುಂಚೆ ನಿನ್ನ ಜೇಬಲ್ಲಿರೋ ಬೀಗದ ಕೈ ತೆಗೆದು ನೋಡು. ಅದರ ಬಿಲ್ಲೆ ಮೇಲೆ ನಂಬರ್ ಎಷ್ಟು? ಎಕ್ಸ್‌ಚೇಂಜಲ್ಲಿ ಹದಿನೇಳರ ಪಕ್ಕದ ಕುರ್ಚಿ ಯಾರದು?"

ನನಗೆ ತೆಗೆದು ನೋಡಬೇಕಾಗಿರಲಿಲ್ಲ. ಮೂವತ್ತು ವರ್ಷದಿಂದ ದಿನಕ್ಕೆರಡು ಸಲ ಬೆರಳಿಗೆ ತಾಗುವ ಅಂಕಿ ಅದು. ಹದಿನೆಂಟು. ನನ್ನ ಹೆಂಡತಿಯದು.

"ನಾನು ಹೂತೆ, ಅಷ್ಟೇ," ಎಂದರು ಮಾವ.

ಬರೆದ ಎರಡು ವಾಕ್ಯದ ಶಾಯಿ ಇನ್ನೂ ಒಣಗಿರಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಬೂಟಿನ ಸಪ್ಪಳ ನನ್ನ ಕೋಣೆಯತ್ತ ಬರುತ್ತಿತ್ತು. ಎರಡೂ ಕಾಲಿನದು.